ನಾಲ್ಕನೆಯ ವಾರದ ಅಳತೆ



ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಸಂಬಂಧಿಸಿದ ಕೇಸ್ ಶೀಟುಗಳನ್ನು ತಿರುವಿ ಹಾಕಿದರೆ ಒಂದು ಒಕ್ಕಣೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಗಾಯ ಪರವಾಗಿಲ್ಲ, ಡ್ರೆಸ್ಸಿಂಗ್ ಆಯಿತು.’ ಸೋಮವಾರ ಹಾಗೆ, ಗುರುವಾರ ಹಾಗೆ, ಮುಂದಿನ ಸೋಮವಾರವೂ ಹಾಗೆಯೇ. ಹೀಗೆ ಎರಡು ಮೂರು ತಿಂಗಳು ಸಾಗಿ, ಒಂದು ದಿನ ಹಠಾತ್ತನೆ ‘ಬೆರಳು ಕಪ್ಪಾಗಿದೆ, ಶಸ್ತ್ರಚಿಕಿತ್ಸೆಗೆ ಕಳಿಸಿದೆ’ ಎಂದಿರುತ್ತದೆ. ಅದೇ ಶೀಟಿನಲ್ಲಿ ರಕ್ತದೊತ್ತಡಕ್ಕೆ ಅಂಕಿ ಇದೆ, ಸಕ್ಕರೆಗೆ ಅಂಕಿ ಇದೆ, ಜ್ವರಕ್ಕೆ ಅಂಕಿ ಇದೆ. ಯಾವ ಗಾಯಕ್ಕಾಗಿ ಆ ಮನುಷ್ಯ ಬಸ್ಸು ಹತ್ತಿ ಬಂದನೋ ಆ ಗಾಯಕ್ಕೆ ಮಾತ್ರ ಅಂಕಿ ಇಲ್ಲ. ಮೊದಲ ದಿನ ಎಷ್ಟಿತ್ತು, ತಿಂಗಳ ಮೇಲೆ ಎಷ್ಟಾಯಿತು ಎಂದು ಕೇಳಿದರೆ ಉತ್ತರಿಸುವವರಿಲ್ಲ.

ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟೇ. ಗಾಯವನ್ನು ವಾರವಾರವೂ ಅಳೆಯಬೇಕು. ನಾಲ್ಕು ವಾರ ಕಳೆದಾಗ ಆ ಅಳತೆ ವೈದ್ಯನನ್ನು ಸುಮ್ಮನೆ ಕೂರಲು ಬಿಡಬಾರದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ. ಇವರಲ್ಲಿ ಎಷ್ಟೋ ಮಂದಿಗೆ ವರ್ಷಗಳು ಉರುಳಿದಂತೆ ಅಂಗಾಲು ಮರಗಟ್ಟುತ್ತದೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಪಾದಕ್ಕೆ ಮುಟ್ಟಿಸಿ ‘ಗೊತ್ತಾಯಿತಾ?’ ಎಂದು ಕೇಳಿದರೆ ‘ಎಲ್ಲಿ ಮುಟ್ಟಿದಿರಿ?’ ಎಂದು ಅವರೇ ತಿರುಗಿ ಕೇಳುತ್ತಾರೆ. ಚಪ್ಪಲಿಯೊಳಗೆ ಸೇರಿದ ಕಲ್ಲು ಸಂಜೆಯವರೆಗೂ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ದೇವಸ್ಥಾನದ ಕಲ್ಲುಹಾಸು ಸುಟ್ಟದ್ದು ಮನೆಗೆ ಬಂದು ಬೊಬ್ಬೆ ಕಂಡಾಗಷ್ಟೇ ಗೊತ್ತಾಗುತ್ತದೆ. ಹೆಬ್ಬೆರಳಿನ ಬುಡದಲ್ಲಿ ಆಣಿ ಗಟ್ಟಿಯಾಗಿ, ಅದರಡಿಯಲ್ಲಿ ರಕ್ತ ಕಂದಿ, ಒಳಗೊಳಗೇ ಹುಣ್ಣಾಗಿ ಒಂದು ದಿನ ಒಡೆಯುತ್ತದೆ. ನೋವಿಲ್ಲದ ಕಾರಣ ಅವರು ಅದರ ಮೇಲೆಯೇ ನಡೆಯುತ್ತಾರೆ.

ಗಾಯ ಅಳೆಯುವ ವಿದ್ಯೆ ಹುಟ್ಟಿದ್ದು ಮಧುಮೇಹದಿಂದಲ್ಲ, ಯುದ್ಧದಿಂದ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಕಂಪಿಯೆನ್ ಎಂಬ ಊರಿನ ಸೇನಾ ಆಸ್ಪತ್ರೆಯಲ್ಲಿ ಅಲೆಕ್ಸಿಸ್ ಕ್ಯಾರೆಲ್ ಕೆಲಸ ಮಾಡುತ್ತಿದ್ದರು. ರಕ್ತನಾಳಗಳನ್ನು ಹೊಲಿಯುವ ವಿಧಾನಕ್ಕೆ 1912ರಲ್ಲಿ ನೊಬೆಲ್ ಪಡೆದವರು. ಮುಂದೆ ಅವರು ಮನುಷ್ಯತಳಿಯ ಬಗ್ಗೆ ಬರೆದ ವಿಚಾರಗಳು ಹೇಯವಾದವು, ಅವನ್ನು ಇಲ್ಲಿ ಮರೆಮಾಚುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಕಂಪಿಯೆನ್‌ನಲ್ಲಿ ಅವರ ಜೊತೆಗೂಡಿದ ಪಿಯೆರ್ ಲೆಕೊಂತ್ ದು ನೂಯಿ ಎಂಬ ವಿಜ್ಞಾನಿ ಮಾಡಿದ ಕೆಲಸಕ್ಕೆ ನಾವೆಲ್ಲ ಋಣಿಗಳು. ಸೈನಿಕನ ಗಾಯದ ಮೇಲೆ ಪಾರದರ್ಶಕ ಹಾಳೆಯಿಟ್ಟು ಅಂಚನ್ನು ಪೆನ್ನಿನಿಂದ ಗುರುತಿಸುವುದು, ಅದನ್ನು ಕಾಗದಕ್ಕೆ ಇಳಿಸುವುದು, ಪ್ಲಾನಿಮೀಟರ್ ಎಂಬ ಉಪಕರಣವನ್ನು ಆ ಗೆರೆಯ ಸುತ್ತ ಓಡಿಸಿ ವಿಸ್ತೀರ್ಣ ತೆಗೆಯುವುದು. ಭೂಮಾಪನದವರು ನಕ್ಷೆಯ ಮೇಲೆ ಹೊಲ, ಕೆರೆಗಳ ವಿಸ್ತೀರ್ಣ ತೆಗೆಯಲು ಬಳಸುತ್ತಿದ್ದ ಉಪಕರಣವೇ ಅದು. ಕೆಲವು ದಿನಗಳಿಗೊಮ್ಮೆ ಹೀಗೆ ಅಳೆದ ವಿಸ್ತೀರ್ಣಗಳನ್ನು ಸಾಲಾಗಿ ಇಟ್ಟಾಗ ಶುಭ್ರವಾದ ಗಾಯಗಳು ಒಂದು ನಿಯತ ವಕ್ರರೇಖೆಯಲ್ಲಿ ಇಳಿಯುವುದು ಕಂಡಿತು. ಗಾಯದ ಗಾತ್ರ ಮತ್ತು ರೋಗಿಯ ವಯಸ್ಸು ಗೊತ್ತಿದ್ದರೆ ಅದು ಯಾವಾಗ ಮಾಯಬಹುದು ಎಂದು ಮೊದಲೇ ಲೆಕ್ಕ ಹಾಕಲು ಸಾಧ್ಯವಾಯಿತು. ಈ ಕೆಲಸವನ್ನು ವಿವರಿಸುವ ಲೇಖನಗಳು 1916ರಲ್ಲಿ ಅಚ್ಚಾದವು.

ಆ ಸೂತ್ರ ಇಂದು ನಮ್ಮ ರೋಗಿಗಳಿಗೆ ನೇರವಾಗಿ ಒದಗುವುದಿಲ್ಲ. ಅವರು ಕಂಡದ್ದು ಹರೆಯದ ಸೈನಿಕರನ್ನು, ರಕ್ತಸಂಚಾರ ಚೆನ್ನಾಗಿದ್ದ ಮೈಗಳನ್ನು. ಹಾಗಿದ್ದರೂ ಅವರು ಆ ರೇಖೆಯನ್ನು ಬಳಸಿಕೊಂಡ ಬಗೆಯನ್ನು ನಾವು ಕಲಿಯಬೇಕು. ಲೆಕ್ಕದ ರೇಖೆ ಒಂದು ಕಡೆ, ನಿಜವಾದ ಅಳತೆ ಇನ್ನೊಂದು ಕಡೆ ಹೋದರೆ ಅವರು ಸೂತ್ರವನ್ನು ಬೈಯಲಿಲ್ಲ, ರೋಗಿಯನ್ನೂ ಬೈಯಲಿಲ್ಲ. ಗಾಯದಲ್ಲಿ ಸೋಂಕು ಸೇರಿದೆಯೇ ಎಂದು ಹುಡುಕಿದರು. ಭವಿಷ್ಯ ಹೇಳುವುದು ಅವರಿಗೆ ಎಚ್ಚರಿಕೆಯ ಗಂಟೆಯಾಗಿತ್ತು.

ಈಗ ಅಳತೆಯ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಏಕೆಂದರೆ ತಪ್ಪುಗಳೆಲ್ಲ ಇಲ್ಲಿಯೇ ನುಸುಳುವುದು.

ಎಲ್ಲ ಕಡೆಯೂ ನಡೆಯುವ ವಿಧಾನ ಸ್ಕೇಲಿನದು. ಗಾಯದ ಅತಿ ಉದ್ದವಾದ ಭಾಗ, ಅದಕ್ಕೆ ಲಂಬವಾಗಿ ಅತಿ ಅಗಲವಾದ ಭಾಗ, ಎರಡನ್ನೂ ಗುಣಿಸುವುದು. 3 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲವಾದರೆ 6 ಚದರ ಸೆಂ.ಮೀ. ಎಂದು ಬರೆಯುತ್ತಾರೆ. ಆದರೆ ಗಾಯಕ್ಕೆ ಮೂಲೆಗಳಿರುವುದಿಲ್ಲ. ಅದು ಮೊಟ್ಟೆಯಾಕಾರದ್ದು ಎಂದುಕೊಂಡರೆ ಆ ಗುಣಲಬ್ಧವನ್ನು ಮತ್ತೆ 0.785ರಿಂದ ಗುಣಿಸಬೇಕು, ಆಗ ಸಿಗುವುದು 4.7. ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಬರೆದರೆ ಡ್ಯೂಟಿ ಬದಲಾದ ಮಾತ್ರಕ್ಕೆ ಗಾಯ ಚಿಕ್ಕದಾದಂತೆ ಕಾಣುತ್ತದೆ! ಆದ್ದರಿಂದ ಯಾವ ವಿಧಾನವಾದರೂ ಸರಿ, ಆ ರೋಗಿಗೆ ಕೊನೆಯವರೆಗೂ ಅದೊಂದೇ ಇರಲಿ, ಸಾಧ್ಯವಾದರೆ ಅಳೆಯುವ ಕೈಯೂ ಒಂದೇ ಇರಲಿ.

ಇದಕ್ಕಿಂತ ಒಳ್ಳೆಯದು ದು ನೂಯಿ ಅವರ ಹಾಳೆಯೇ. ಎರಡು ಪದರದ ತೆಳು ಪ್ಲಾಸ್ಟಿಕ್ ಸಾಕು. ಕೆಳಗಿನ ಪದರ ಗಾಯಕ್ಕೆ ತಾಗುತ್ತದೆ, ಅದನ್ನು ಎಸೆಯಬೇಕು. ಮೇಲಿನ ಪದರದ ಮೇಲೆ ಅಂಚನ್ನು ಗುರುತಿಸಿ, ಮಕ್ಕಳ ಗ್ರಾಫ್ ಹಾಳೆಯ ಮೇಲಿಟ್ಟು ಚೌಕಗಳನ್ನು ಎಣಿಸಿದರೆ ವಿಸ್ತೀರ್ಣ ಸಿಕ್ಕಿತು. ದಿನಾಂಕ ಹಾಕಿ ಕೇಸ್ ಶೀಟಿಗೆ ಪಿನ್ ಮಾಡಬಹುದು. ತಾಲ್ಲೂಕು ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಆಗದಂಥದ್ದು ಇದರಲ್ಲಿ ಏನೂ ಇಲ್ಲ.

ಅಳೆಯುವ ಹೊತ್ತೂ ಮುಖ್ಯ. ಆಣಿಯನ್ನು ಕೆತ್ತಿ, ಸತ್ತ ಮಾಂಸವನ್ನು ತೆಗೆದು, ತೊಳೆದ ನಂತರ ಅಳೆಯಬೇಕು. ಮೊದಲ ಭೇಟಿಯಲ್ಲಿ ಆಣಿಯ ಅಡಿಯಲ್ಲಿ ಅಡಗಿದ ಹುಣ್ಣು ಕಡಲೆಬೇಳೆಯಷ್ಟು ಕಾಣುತ್ತದೆ, ಕೆತ್ತಿದ ಮೇಲೆ ಎಂಟಾಣೆಯಷ್ಟಾಗುತ್ತದೆ. ಕೆತ್ತುವ ಮೊದಲಿನ ಅಳತೆಯನ್ನು ಬರೆದಿಟ್ಟರೆ ಒಳ್ಳೆಯ ಚಿಕಿತ್ಸೆ ಮಾಡಿದ ವೈದ್ಯನೇ ಮುಂದಿನ ವಾರ ಗಾಯ ದೊಡ್ಡದು ಮಾಡಿದವನಂತೆ ಕಾಣುತ್ತಾನೆ.

ಇನ್ನು ಕಣ್ಣಿನ ಮಾತು. ಅನುಭವಸ್ಥರು ‘ನನಗೆ ನೋಡಿದರೆ ಗೊತ್ತಾಗುತ್ತದೆ’ ಎನ್ನುತ್ತಾರೆ. ಅವರ ಅನುಭವವನ್ನು ನಾನು ಗೌರವಿಸುತ್ತೇನೆ, ಆದರೆ ಈ ಲೆಕ್ಕ ನೋಡಿ. 3 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಹುಣ್ಣು ನಾಲ್ಕು ವಾರದಲ್ಲಿ 2.4ಕ್ಕೆ 1.6 ಆಯಿತು ಎನ್ನಿ. ಯಾರು ನೋಡಿದರೂ ಇಳಿದಿದೆ ಎನ್ನುವಂಥದ್ದೇ. ವಿಸ್ತೀರ್ಣ 4.7ರಿಂದ 3ಕ್ಕೆ ಬಂದಿದೆ, ಅಂದರೆ ಶೇ. 36ರಷ್ಟು ಇಳಿಕೆ. ಅದೇ 2.1ಕ್ಕೆ 1.4 ಆಗಿದ್ದರೆ ಇಳಿಕೆ ಶೇ. 51. ಈ ಎರಡು ಗಾಯಗಳ ನಡುವೆ ಉದ್ದದಲ್ಲಿರುವ ವ್ಯತ್ಯಾಸ ಬರೀ 3 ಮಿ.ಮೀ. ಕಣ್ಣಿಗೆ ಎರಡೂ ‘ಪರವಾಗಿಲ್ಲ’. ಅವುಗಳ ಮುಂದಿನ ಗತಿ ಮಾತ್ರ ಒಂದೇ ಅಲ್ಲ.

ಒಂದೇ ಅಲ್ಲ ಎಂದು ಹೇಗೆ ಗೊತ್ತು? 2003ರಲ್ಲಿ ಅಮೆರಿಕದ ಪೀಟರ್ ಶೀಹನ್ ಮತ್ತು ಸಂಗಡಿಗರು 203 ರೋಗಿಗಳ ಪಾದದ ಹುಣ್ಣುಗಳನ್ನು ಹನ್ನೆರಡು ವಾರ ಹಿಂಬಾಲಿಸಿದ ಫಲಿತಾಂಶ ಪ್ರಕಟಿಸಿದರು. ನಾಲ್ಕನೆಯ ವಾರದ ಇಳಿಕೆಯನ್ನು ನೋಡಿ ರೋಗಿಗಳನ್ನು ಎರಡು ಪಾಲು ಮಾಡಿದಾಗ ನಡುಗೆರೆ ಬಿದ್ದದ್ದು ಶೇ. 53ರಲ್ಲಿ. ಅದಕ್ಕಿಂತ ಹೆಚ್ಚು ಇಳಿದ ಹುಣ್ಣುಗಳಲ್ಲಿ ಶೇ. 58ರಷ್ಟು ಹನ್ನೆರಡನೆಯ ವಾರದೊಳಗೆ ಪೂರ್ತಿ ಮಾಯ್ದವು. ಕಡಿಮೆ ಇಳಿದವುಗಳಲ್ಲಿ ಮಾಯ್ದದ್ದು ಶೇ. 9 ಮಾತ್ರ. ‘ನಾಲ್ಕು ವಾರಕ್ಕೆ ಅರ್ಧ’ ಎಂದು ಜಗತ್ತಿನ ಪಾದಚಿಕಿತ್ಸಾಲಯಗಳಲ್ಲಿ ಇಂದು ಹೇಳುವ ಮಾತಿನ ಬೇರು ಇಲ್ಲಿದೆ.

ಈ ಅಂಕಿಗಳನ್ನು ಓದುವಾಗ ಎರಡು ಕಡೆಯೂ ಸಮಾನವಲ್ಲ ಎಂಬುದನ್ನು ಗಮನಿಸಿ. ಅರ್ಧಕ್ಕಿಳಿಯದ ಹುಣ್ಣು ಹನ್ನೆರಡು ವಾರದಲ್ಲಿ ಮಾಯುವುದಿಲ್ಲ ಎಂದರೆ ನೂರಕ್ಕೆ ತೊಂಬತ್ತೊಂದು ಸಲ ನಿಮ್ಮ ಮಾತು ನಿಜವಾಗುತ್ತದೆ. ಅರ್ಧಕ್ಕಿಳಿದದ್ದು ಮಾಯುತ್ತದೆ ಎಂದರೆ ನೂರಕ್ಕೆ ನಲವತ್ತೆರಡು ಸಲ ಸುಳ್ಳಾಗುತ್ತದೆ. ಹಾಗಾಗಿ ಈ ಅಳತೆಯನ್ನು ನಾನು ಸಮಾಧಾನ ಹೇಳುವುದಕ್ಕೆ ಬಳಸುವುದಿಲ್ಲ, ಅವಸರ ಹುಟ್ಟಿಸುವುದಕ್ಕೆ ಬಳಸುತ್ತೇನೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊಸ ಚರ್ಮ ಹುಣ್ಣಿನ ಮಧ್ಯದಿಂದ ಏಳುವುದಿಲ್ಲ, ಅಂಚಿನಿಂದ ಒಳಮುಖವಾಗಿ ಸರಿಯುತ್ತದೆ. 1 ಸೆಂ.ಮೀ. ತ್ರಿಜ್ಯದ ದುಂಡನೆಯ ಹುಣ್ಣಿನ ಅಂಚು ನಾಲ್ಕು ವಾರದಲ್ಲಿ 3 ಮಿ.ಮೀ. ಸರಿದರೆ ವಿಸ್ತೀರ್ಣ ಶೇ. 51ರಷ್ಟು ಇಳಿಯುತ್ತದೆ. 2 ಸೆಂ.ಮೀ. ತ್ರಿಜ್ಯದ ಹುಣ್ಣಿನಲ್ಲಿ ಅಂಚು ಅಷ್ಟೇ ಸರಿದರೆ ಇಳಿಕೆ ಶೇ. 28 ಮಾತ್ರ. ಚರ್ಮ ಎರಡು ಕಡೆಯೂ ಒಂದೇ ವೇಗದಲ್ಲಿ ದುಡಿದಿದೆ, ಆದರೂ ಒಂದು ಪಾಸು, ಇನ್ನೊಂದು ನಪಾಸು. ಈ ಅನ್ಯಾಯವನ್ನು ಸರಿಪಡಿಸಲು ಗಿಲ್ಮನ್ ಎಂಬವರು 1990ರಲ್ಲಿ ಸರಳ ದಾರಿಯೊಂದನ್ನು ತೋರಿಸಿದರು. ವಿಸ್ತೀರ್ಣದಲ್ಲಿ ಆದ ಇಳಿಕೆಯನ್ನು ಸುತ್ತಳತೆಯ ಸರಾಸರಿಯಿಂದ ಭಾಗಿಸಿದರೆ ಅಂಚು ಎಷ್ಟು ಸರಿಯಿತು ಎಂಬುದು ನೇರವಾಗಿ ಸಿಗುತ್ತದೆ. ನಮ್ಮ ಎರಡು ಹುಣ್ಣುಗಳಿಗೂ ಉತ್ತರ ಒಂದೇ, 3 ಮಿ.ಮೀ. ದೊಡ್ಡ ಹುಣ್ಣಿನ ರೋಗಿಗೆ ‘ನಿಮ್ಮದು ಸೋತಿದೆ’ ಎನ್ನುವ ಮೊದಲು ಈ ಲೆಕ್ಕ ಮಾಡುವುದು ನ್ಯಾಯ.

ವಾರವಾರದ ಅಳತೆಗಳಿಗೆ ಕಾಯದೆಯೂ ಮೊದಲ ದಿನವೇ ಕೆಲವನ್ನು ಊಹಿಸಬಹುದು. ಡೇವಿಡ್ ಮಾರ್ಗೊಲಿಸ್ ಮತ್ತು ಸಂಗಡಿಗರು ಸಾವಿರಾರು ರೋಗಿಗಳ ದಾಖಲೆಗಳನ್ನು ಜಾಲಾಡಿ ಮೂರು ಪ್ರಶ್ನೆಗಳಿಗೆ ಇಳಿಸಿದರು: ಹುಣ್ಣು ಎರಡು ತಿಂಗಳಿಗಿಂತ ಹಳೆಯದೇ, ಎರಡು ಚದರ ಸೆಂ.ಮೀ.ಗಿಂತ ದೊಡ್ಡದೇ, ಒಳಗೆ ಸ್ನಾಯುರಜ್ಜು ಅಥವಾ ಮೂಳೆಯವರೆಗೆ ಇಳಿದಿದೆಯೇ. ಮೂರಕ್ಕೂ ಇಲ್ಲ ಎಂಬ ಉತ್ತರ ಬಂದವರಲ್ಲಿ ಇಪ್ಪತ್ತು ವಾರಕ್ಕೂ ಮಾಯದೆ ಉಳಿಯುವ ಸಂಭವ ಶೇ. 35. ಮೂರಕ್ಕೂ ಹೌದು ಎಂದಾದರೆ ಶೇ. 81. ನಮ್ಮಲ್ಲಿ ಮೊದಲ ಪ್ರಶ್ನೆಗೆ ಉತ್ತರ ಪಡೆಯುವುದು ಸ್ವಲ್ಪ ಕಷ್ಟ. ‘ಎಷ್ಟು ದಿನ ಆಯ್ತು ಯಜಮಾನ್ರೇ?’ ಎಂದರೆ ‘ಇತ್ತೀಚೆಗೇ ಸಾರ್’ ಎನ್ನುತ್ತಾರೆ. ‘ಯುಗಾದಿ ಹೊತ್ತಿಗೆ ಇತ್ತಾ, ಊರಹಬ್ಬಕ್ಕೆ ನಡ್ಕೊಂಡು ಹೋಗಿದ್ರಾ?’ ಎಂದು ಕೇಳಿದರೆ ನಿಜವಾದ ತಿಂಗಳು ಹೊರಬರುತ್ತದೆ. ಇಂಥ ಪ್ರಶ್ನೆ ಕೇಳಲು ಸಮಯ ಬೇಕು, ಹೊರರೋಗಿ ವಿಭಾಗದಲ್ಲಿ ಅದೇ ದುರ್ಲಭ.

ಸರಿ, ನಾಲ್ಕನೆಯ ವಾರ ಬಂತು, ಹುಣ್ಣು ಅರ್ಧಕ್ಕಿಳಿದಿಲ್ಲ. ಬಹಳ ಕಡೆ ಆಗ ನಡೆಯುವುದು ಮುಲಾಮು ಬದಲಾವಣೆ. ಹಳದಿ ಟ್ಯೂಬ್ ಹೋಗಿ ನೀಲಿ ಟ್ಯೂಬ್ ಬರುತ್ತದೆ. ನಾನು ಕೇಳಿಕೊಳ್ಳುವುದೇನೆಂದರೆ, ಟ್ಯೂಬಿಗೆ ಕೈಹಾಕುವ ಮೊದಲು ಭಾರ, ರಕ್ತ, ಮೂಳೆ, ಈ ಮೂರನ್ನು ನೋಡಿ.

ಭಾರವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು. ಅದರ ಚಿಕಿತ್ಸೆಯ ಚರಿತ್ರೆಯೂ ನಮ್ಮ ನೆರೆಯದೇ. 1930ರ ದಶಕದಲ್ಲಿ ಸಿಂಹಳ ಮತ್ತು ಭಾರತದ ವೈದ್ಯರು ಕುಷ್ಠರೋಗಿಗಳ ಅಂಗಾಲಿನ ಹುಣ್ಣಿಗೆ ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಮೈಗೆ ಅಂಟಿದಂತೆ ಪ್ಲಾಸ್ಟರ್ ಹಾಕುತ್ತಿದ್ದರು. ಸ್ಪರ್ಶವಿಲ್ಲದ ಪಾದದಲ್ಲಿ ಹುಣ್ಣು ಮಾಯದಿರುವುದು ಮಾಂಸದ ದೋಷದಿಂದಲ್ಲ, ಅದರ ಮೇಲೆ ಬಿಡದೆ ಬೀಳುವ ಭಾರದಿಂದ ಎಂಬುದನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದರು. 1966ರಲ್ಲಿ ಅವರು ಅಮೆರಿಕದ ಲೂಸಿಯಾನದಲ್ಲಿರುವ ಕಾರ್ವಿಲ್‌ಗೆ ಹೋದಾಗ ಈ ತಿಳಿವಳಿಕೆ ಅವರೊಂದಿಗೆ ಹೋಯಿತು, ಮಧುಮೇಹಿಗಳ ಪಾದಕ್ಕೂ ಬಂತು. ಕುಷ್ಠರೋಗಿಗಳಿಗೆಂದು ರೂಪುಗೊಂಡ ಎಂ.ಸಿ.ಆರ್. (ಸೂಕ್ಷ್ಮರಂಧ್ರಗಳ ಮೆತ್ತನೆಯ ರಬ್ಬರಿನ) ಚಪ್ಪಲಿಯನ್ನೇ ಇಂದು ನಾವು ಸಕ್ಕರೆ ಕಾಯಿಲೆಯವರಿಗೆ ಬರೆದುಕೊಡುತ್ತಿದ್ದೇವೆ. ಸಮಾಜ ಊರಾಚೆ ಇಟ್ಟವರ ಪಾದಗಳಿಂದ ಕಲಿತ ಪಾಠ ಇಂದು ಎಲ್ಲರ ಕಾಲು ಉಳಿಸುತ್ತಿದೆ.

2001ರಲ್ಲಿ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರ ಪರೀಕ್ಷೆಯಲ್ಲಿ ಇಂಥ ಪೂರ್ಣಸ್ಪರ್ಶದ ಪ್ಲಾಸ್ಟರ್ ಹಾಕಿದವರಲ್ಲಿ ಹನ್ನೆರಡು ವಾರದಲ್ಲಿ ಸುಮಾರು ಶೇ. 90ರಷ್ಟು ಹುಣ್ಣುಗಳು ಮಾಯ್ದವು. ಬಿಚ್ಚಿಡಬಹುದಾದ ಬೂಟು ತೊಟ್ಟವರಲ್ಲಿ ಶೇ. 65. ಏಕಿಷ್ಟು ಅಂತರ? ಎರಡು ವರ್ಷಗಳ ನಂತರ ಅದೇ ತಂಡ ರೋಗಿಯ ಸೊಂಟಕ್ಕೊಂದು, ಬೂಟಿಗೊಂದು ಹೆಜ್ಜೆಗಣಕ ಅಳವಡಿಸಿ ನೋಡಿತು. ದಿನದ ಒಟ್ಟು ನಡಿಗೆಯಲ್ಲಿ ಬೂಟು ಕಾಲಲ್ಲಿದ್ದದ್ದು ಶೇ. 28ರಷ್ಟು ಮಾತ್ರ. ಬಿಚ್ಚಬಹುದಾದದ್ದನ್ನು ಮನುಷ್ಯ ಬಿಚ್ಚುತ್ತಾನೆ. ಇದನ್ನು ಅಶಿಸ್ತು ಎಂದು ಕರೆಯಲು ನನಗೆ ಮನಸ್ಸಿಲ್ಲ. ದಿನಗೂಲಿಯ ಹೆಂಗಸು, ಬಸ್ ಕಂಡಕ್ಟರ್, ಹೋಟೆಲಿನ ಸಪ್ಲೈಯರ್, ಇವರಿಗೆ ಆರು ವಾರ ನಡೆಯಬೇಡಿ ಎಂದರೆ ಆರು ವಾರ ಉಣ್ಣಬೇಡಿ ಎಂದಂತೆ. ಯಾವ ಭವಿಷ್ಯಸೂತ್ರದಲ್ಲಿಯೂ ಕೂಲಿಗೆ ಒಂದು ಅಂಕಣ ಇಲ್ಲ. ನಮ್ಮ ಊರುಗಳಲ್ಲಿ ಅದನ್ನು ಸೇರಿಸಲೇಬೇಕು, ಆ ಕೂಲಿಯನ್ನು ಸರ್ಕಾರ ತುಂಬಿಕೊಡುವ ದಾರಿಯನ್ನೂ ಹುಡುಕಬೇಕು. ಒಂದು ಕಾಲು ತೆಗೆದ ಮೇಲೆ ಆ ಸಂಸಾರಕ್ಕೆ ಬೀಳುವ ಹೊರೆಯ ಮುಂದೆ ಆರು ವಾರದ ಕೂಲಿ ದೊಡ್ಡದಲ್ಲ.

ರಕ್ತಸಂಚಾರ ತೀರಾ ಕುಂದಿದ ಕಾಲಿಗೆ, ತೀವ್ರ ಸೋಂಕಿರುವ ಕಾಲಿಗೆ ಈ ಪ್ಲಾಸ್ಟರ್ ಸಲ್ಲದು. ಹಾಗಾಗಿ ರಕ್ತವನ್ನು ನೋಡಬೇಕು. ಹಿಮ್ಮಡಿಯ ಬಳಿ ನಾಡಿ ಮುಟ್ಟಿ ನೋಡುವುದು ಮೊದಲ ಹೆಜ್ಜೆ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸುವ ಪರೀಕ್ಷೆ ಒಳ್ಳೆಯದೇ, ಆದರೆ ಮಧುಮೇಹಿಗಳಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿಕೊಂಡು ಅಂಕಿ ಹುಸಿಯಾಗಿ ಏರುತ್ತದೆ, ಬತ್ತಿದ ಕಾಲೂ ಚೆನ್ನಾಗಿರುವಂತೆ ತೋರುತ್ತದೆ. ಕಾಲ್ಬೆರಳಿನ ರಕ್ತದೊತ್ತಡ ಅಷ್ಟಾಗಿ ಮೋಸ ಮಾಡುವುದಿಲ್ಲ. ಅದು 30 ಮಿ.ಮೀ. ಪಾದರಸಕ್ಕಿಂತ ಕಡಿಮೆ ಇದ್ದರೆ ರಕ್ತನಾಳದ ತಜ್ಞರನ್ನು ತಡಮಾಡದೆ ಕಾಣಬೇಕು. ಮೂರನೆಯದು ಮೂಳೆ. ಶುಚಿಗೊಳಿಸಿದ ಮೊಂಡು ಕಡ್ಡಿಯನ್ನು ಹುಣ್ಣಿನೊಳಗೆ ಮೆಲ್ಲಗೆ ಇಳಿಸಿದಾಗ ಗಟ್ಟಿಯಾಗಿ ತಾಗಿದರೆ ಮೂಳೆಗೆ ಸೋಂಕು ತಗುಲಿರಬಹುದು. ಹೊರಗಿನ ಅಂಚು ಚೆನ್ನಾಗಿ ಸರಿಯುತ್ತಿದ್ದರೂ ಆ ಹುಣ್ಣು ಒಳಗಿನಿಂದ ಮತ್ತೆ ಬಾಯಿ ತೆರೆಯುತ್ತದೆ. ಒಂದು ಮಾತು ಖಚಿತವಾಗಿರಲಿ: ಪಾದ ಊದಿ ಕೆಂಪಾಗಿದ್ದರೆ, ಕೀವು ಇದ್ದರೆ, ಬೆರಳು ಕಪ್ಪಾಗುತ್ತಿದ್ದರೆ ನಾಲ್ಕು ವಾರ ಕಾಯುವ ಪ್ರಶ್ನೆಯೇ ಇಲ್ಲ. ಅದು ಅದೇ ದಿನದ ಕೆಲಸ.

ಮೊಬೈಲ್ ಫೋನಿನಲ್ಲಿ ಫೋಟೋ ತೆಗೆದು ಗಾಯ ಅಳೆಯುವ ತಂತ್ರಾಂಶಗಳ ಬಗ್ಗೆ ತರುಣ ವೈದ್ಯರು ಕೇಳುತ್ತಾರೆ. ನನಗೆ ಅವುಗಳಲ್ಲಿ ಭರವಸೆಯಿದೆ. ಇಂಗ್ಲೆಂಡಿನ ಲ್ಯಾಂಕಾಷೈರ್ ಆಸ್ಪತ್ರೆಗಳ ಚಿತ್ರಗಳಿಂದ 2020ರಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ 4,000 ಪಾದಚಿತ್ರಗಳನ್ನು ಬಳಸಿ ಯಂತ್ರಗಳಿಗೆ ಹುಣ್ಣು ಗುರುತಿಸುವುದನ್ನು ಕಲಿಸಿ, ಪರೀಕ್ಷಿಸಿದರು. ಆದರೆ ಬಿಳಿಯ ಚರ್ಮದ ಮೇಲೆ ಕೆಂಪನ್ನು ಕಲಿತ ಯಂತ್ರ ನಮ್ಮ ಕಪ್ಪು, ಕಂದು ಪಾದಗಳ ಮೇಲೆ ಸೋಂಕಿನ ಕೆಂಪನ್ನು ಕಂಡುಹಿಡಿಯುತ್ತದೆಯೇ? ಬಿರುಕುಬಿಟ್ಟ ಹಿಮ್ಮಡಿಯನ್ನು, ಅರಿಸಿನ ಮೆತ್ತಿದ ಗಾಯವನ್ನು ಅದು ಏನೆಂದು ತಿಳಿಯುತ್ತದೆ? ನಮ್ಮ ರೋಗಿಗಳ ಚಿತ್ರಗಳನ್ನು ಅವರ ಒಪ್ಪಿಗೆ ಪಡೆದು ನಾವೇ ಸಂಗ್ರಹಿಸುವವರೆಗೆ ಇದಕ್ಕೆ ಉತ್ತರ ಸಿಗದು. ಅಲ್ಲಿಯವರೆಗೆ ಫೋಟೋದ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ, ಕ್ಯಾಮೆರಾ ಗಾಯಕ್ಕೆ ನೇರವಾಗಿರಲಿ. ಹಿಮ್ಮಡಿಯಂಥ ಬಾಗಿದ ಜಾಗದಲ್ಲಿ ಫೋಟೋ ಗಾಯವನ್ನು ಚಿಕ್ಕದಾಗಿ ತೋರಿಸುತ್ತದೆ ಎಂಬುದು ನೆನಪಿರಲಿ.

ಪ್ಲಾಸ್ಟಿಕ್ ಹಾಳೆಯ ಇನ್ನೊಂದು ಗುಣವನ್ನು ಹೇಳಲೇಬೇಕು. ಹೋದ ತಿಂಗಳ ಹಾಳೆಯ ಮೇಲೆ ಇಂದಿನದನ್ನಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ‘ನೋಡಮ್ಮಾ, ಇದು ಆಗಿನದು, ಇದು ಈಗಿನದು’ ಎಂದರೆ ಓದುಬರಹ ಬಾರದ ತಾಯಿಗೂ ಅರ್ಥವಾಗುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ ಹೇಳಿದಾಗ ಕಾಣದ ಕಳೆ ಆ ಮುಖದಲ್ಲಿ ಕಾಣುತ್ತದೆ. ಎರಡೂ ಗೆರೆಗಳು ಒಂದರ ಮೇಲೊಂದು ಕೂತಿದ್ದರೆ ಪ್ಲಾಸ್ಟರ್ ಏಕೆ ಬೇಕೆಂದು ನಾವು ವಾದಿಸಬೇಕಾಗುವುದಿಲ್ಲ. ‘ಯಾವಾಗ ವಾಸಿಯಾಗುತ್ತೆ?’ ಎಂಬ ಮಗನ ಪ್ರಶ್ನೆಗೂ ಅದನ್ನೇ ತೋರಿಸಿ ಪ್ರಾಮಾಣಿಕವಾಗಿ ಮಾತಾಡಬಹುದು.

ಕೊನೆಯದಾಗಿ, ಮಾಯ್ದಿತು ಎಂದು ಯಾವಾಗ ಬರೆಯಬೇಕು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ಸಂಶೋಧಕರಿಗೆ ಕೊಟ್ಟ ಮಾರ್ಗಸೂಚಿಯ ಪ್ರಕಾರ ಗಾಯ ಪೂರ್ತಿ ಚರ್ಮದಿಂದ ಮುಚ್ಚಿರಬೇಕು, ಒಸರಬಾರದು, ಡ್ರೆಸ್ಸಿಂಗ್ ಬೇಕಾಗಬಾರದು, ಎರಡು ವಾರದ ನಂತರ ನೋಡಿದಾಗಲೂ ಹಾಗೆಯೇ ಇರಬೇಕು. ಈ ಎರಡು ವಾರದ ನಿಯಮ ನಮ್ಮ ಆಸ್ಪತ್ರೆಗಳಿಗೂ ಒಳ್ಳೆಯದು. ಏಕೆಂದರೆ ಮಾಯ್ದ ಪಾದಗಳಲ್ಲಿ ಸುಮಾರು ಶೇ. 40ರಷ್ಟರಲ್ಲಿ ಒಂದು ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ಹುಣ್ಣೇಳುವ ಮೊದಲು ಆ ಜಾಗ ಬಿಸಿಯಾಗುತ್ತದೆ. ಲಾರೆನ್ಸ್ ಲೇವರಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹಿಂದೆ ಹುಣ್ಣಾಗಿದ್ದ 173 ಮಂದಿ ಇದ್ದರು. ಚರ್ಮದ ಉಷ್ಣಮಾಪಕದಿಂದ ಎರಡೂ ಪಾದಗಳ ಆರಾರು ಜಾಗಗಳನ್ನು ದಿನವೂ ತಾವೇ ನೋಡಿಕೊಂಡವರಲ್ಲಿ ಶೇ. 8.5ರಷ್ಟು ಮಂದಿಗೆ ಮಾತ್ರ ಹುಣ್ಣು ಮರುಕಳಿಸಿತು, ಮಾಮೂಲಿ ಆರೈಕೆಯವರಲ್ಲಿ ಅದು ಶೇ. 29ರಷ್ಟಿತ್ತು. ಅವರಿಗೆ ಕೊಟ್ಟಿದ್ದ ಸೂಚನೆ ಸರಳ: ಎಡಗಾಲಿನ ಒಂದು ಜಾಗಕ್ಕೂ ಬಲಗಾಲಿನ ಅದೇ ಜಾಗಕ್ಕೂ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಅಂತರ ಎರಡು ದಿನ ಸತತವಾಗಿ ಕಂಡರೆ ನಡಿಗೆ ಕಡಿಮೆ ಮಾಡಿ, ದಾದಿಗೆ ಫೋನ್ ಮಾಡಿ, ಬಿಸಿ ಇಳಿಯುವವರೆಗೆ ಆ ಕಾಲಿನ ಮೇಲೆ ಹೆಚ್ಚು ಭಾರ ಹಾಕಬೇಡಿ.